ಶಾಲೆಯ ಖರೀದಿಗೆ ಪ್ರಮಾಣ ಬೇಡವೇ?

ಶಾಲೆಗಳು ತೆರೆದು ತಿಂಗಳು ಕಳೆಯುವಷ್ಟರಲ್ಲಿ, ಜುಲೈ 3ರಂದು, ಭಾರತದ ಪ್ರೇಷಿತರಾದ ಸಂತ ತೋಮಸರ ಹಬ್ಬ ಬರುತ್ತದೆ. ಗಾಯದ ಗುರುತನ್ನು ಕಾಣದೆ ನಂಬಲಾರೆನೆಂದ ಆ ಪ್ರೇಷಿತರಿಗೆ 'ಸಂದೇಹಿ' ಎಂಬ ಹೆಸರು ಅಂಟಿಕೊಂಡುಬಿಟ್ಟಿದೆ. ನಮ್ಮ ಪ್ರಬೋಧನೆಗಳಲ್ಲಿ ನಾವೂ ಅನೇಕ ವರ್ಷ ಅವರನ್ನು ತುಸು ಗದರಿಸಿಯೇ ಮಾತನಾಡಿದ್ದೇವೆ. ಆದರೆ ಅವರು ಕೇಳಿದ ಪ್ರಮಾಣವನ್ನು ಪ್ರಭು ನಿರಾಕರಿಸಲಿಲ್ಲ. ಕೈ ಚಾಚು ಎಂದೇ ಕರೆದರು. ನಮ್ಮ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ಸಂತ ತೋಮಸರ ಸ್ವಭಾವದವರು ಒಬ್ಬಿಬ್ಬರಾದರೂ ಇದ್ದಿದ್ದರೆ, ಕಳೆದ ಹದಿನೈದು ವರ್ಷಗಳಲ್ಲಿ ನಮ್ಮ ಹೆತ್ತವರ ಎಷ್ಟೋ ಹಣ ಉಳಿಯುತ್ತಿತ್ತೆಂದು ಈಚೆಗೆ ನಮಗೆ ಅನ್ನಿಸುತ್ತಿದೆ.

ಹೀಗೆ ಬರೆಯಲು ಕಾರಣವಿದೆ. ನಾವು ಸಂಚಾಲಕರಾಗಿರುವ ಶಾಲೆಯ ಮುಂದೆ ಈಗೊಂದು ಪ್ರಸ್ತಾಪ ಬಂದಿದೆ. ಐದನೆಯ ತರಗತಿಯಿಂದ ಮೇಲಿನ ಪ್ರತಿಯೊಂದು ಮಗುವಿಗೂ ಒಂದು ಟ್ಯಾಬ್ಲೆಟ್. ಅದರೊಳಗೆ ಕೃತಕ ಬುದ್ಧಿಮತ್ತೆಯ ಬಲದಿಂದ ಮಗುವಿನ ಮಟ್ಟವನ್ನು ತಾನೇ ಅರಿತು ಪಾಠ ಹೇಳುವ ತಂತ್ರಾಂಶ. ಮಗುವೊಂದಕ್ಕೆ ವರ್ಷಕ್ಕೆ 2,400 ರೂಪಾಯಿ. ಮೂರು ವರ್ಷದ ಕರಾರು. ಕಂಪೆನಿಯಿಂದ ಬಂದ ಯುವಕ ವಿನಯಶೀಲ. ಪಕ್ಕದ ಊರಿನ ಎರಡು ಶಾಲೆಗಳು ಆಗಲೇ ಸಹಿ ಹಾಕಿವೆ ಎಂದ. ನಮ್ಮ ಮಂಡಳಿಯ ಅರ್ಧದಷ್ಟು ಸದಸ್ಯರಿಗೆ ಅಷ್ಟೇ ಸಾಕಾಯಿತು. ಹಿಂದೊಮ್ಮೆ ನಮಗೂ ಅಷ್ಟೇ ಸಾಕಾಗಿತ್ತು.

ಆ ಸಂಗತಿಯನ್ನು ಹೇಳಿಯೇ ಮುಂದುವರಿಯಬೇಕು. 2012ರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಅಲ್ಲಿನ ಶಾಲೆಗೆ ನಾವು 'ಸ್ಮಾರ್ಟ್ ಕ್ಲಾಸ್' ತರಿಸಿದೆವು. ಪ್ರದರ್ಶನದ ದಿನ ಬಿಳಿಯ ಫಲಕದ ಮೇಲೆ ಮಾನವನ ಹೃದಯ ಮಿಡಿಯಿತು, ರಕ್ತ ಕೆಂಪು ನೀಲಿ ಬಣ್ಣದಲ್ಲಿ ಹರಿಯಿತು. ಧರ್ಮಭಗಿನಿಯರು ಚಪ್ಪಾಳೆ ತಟ್ಟಿದರು. ನಾವು ಐದು ವರ್ಷದ ಕರಾರಿಗೆ ಸಹಿ ಹಾಕಿದೆವು. ಪ್ರತಿ ಮಗುವಿನ ಶುಲ್ಕಕ್ಕೆ ತಿಂಗಳಿಗೆ 150 ರೂಪಾಯಿ ಸೇರಿತು. ಮರುವರ್ಷ ಹತ್ತನೆಯ ತರಗತಿಯ ಫಲಿತಾಂಶ ಏರಿತು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಆ ಏರಿಕೆಯನ್ನೂ ಆ ಫಲಕವನ್ನೂ ಒಂದೇ ವಾಕ್ಯದಲ್ಲಿ ಜೋಡಿಸಿ ನಾವು ಭಾಷಣ ಮಾಡಿದೆವು. ಅದೇ ವರ್ಷ ಗಣಿತಕ್ಕೆ ಹೊಸ ಅಧ್ಯಾಪಕರೊಬ್ಬರು ಬಂದಿದ್ದರು, ಹತ್ತನೆಯ ತರಗತಿಗೆ ಸಂಜೆ ಪಾಠವೂ ಆರಂಭವಾಗಿತ್ತು. ಇದು ನಮಗೆ ಗೊತ್ತಿತ್ತು. ಭಾಷಣದಲ್ಲಿ ಹೇಳಲಿಲ್ಲ.

ಆ ವರ್ಷದ ಕೊನೆಯಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದ ತಾಯಿಯೊಬ್ಬಳು ಶುಲ್ಕದ ಬಾಕಿಯ ವಿಷಯ ಮಾತನಾಡಲು ನಮ್ಮ ಕಚೇರಿಗೆ ಬಂದಳು. ಸ್ಮಾರ್ಟ್ ಕ್ಲಾಸಿನ ಹಣವನ್ನು ಎರಡು ಕಂತಿನಲ್ಲಿ ಕೊಡುತ್ತೇನೆ ಎಂದಳು. ಜೊತೆಯಲ್ಲಿ ಐದನೆಯ ತರಗತಿಯ ಮಗ. ಅವನ ಕನ್ನಡ ಪುಸ್ತಕ ತೆರೆದು ಒಂದು ಪುಟ ಓದಲು ಹೇಳಿದೆವು. ಹುಡುಗ ಒಂದೊಂದೇ ಅಕ್ಷರವನ್ನು ಬೆರಳಿನಿಂದ ಮುಟ್ಟುತ್ತ, ಒತ್ತಕ್ಷರ ಬಂದಲ್ಲೆಲ್ಲ ನಿಂತು, ಒಂದು ಸಾಲು ಮುಗಿಸಲು ಬಹಳ ಹೊತ್ತು ತೆಗೆದುಕೊಂಡ. "ಬೋರ್ಡಿನಲ್ಲಿ ಚಿತ್ರ ಬರ್ತದಂತೆ ಫಾದರ್, ಒಳ್ಳೇದೇ. ಇವನಿಗೆ ಓದ್ಲಿಕ್ಕೆ ಬರುವುದು ಯಾವಾಗ?" ಎಂದು ಆಕೆ ಕೇಳಿದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಫಾದರಿಗೆ ಗೊತ್ತಿರಬಹುದೆಂದು ನಿಜವಾಗಿಯೂ ಕೇಳಿದ್ದಳು.

ಸೆಮಿನರಿಯಲ್ಲಿ ನಮಗೆ ಭಾರತೀಯ ತತ್ತ್ವಶಾಸ್ತ್ರವನ್ನೂ ಕಲಿಸಿದ್ದರು. ನ್ಯಾಯದರ್ಶನದವರು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಇನ್ನೊಬ್ಬರ ಮಾತು. ಆದರೆ ಎಲ್ಲರ ಮಾತೂ ಪ್ರಮಾಣವಲ್ಲ, 'ಆಪ್ತ'ನ ಮಾತು ಮಾತ್ರ. ವಿಷಯವನ್ನು ಸ್ವತಃ ಅರಿತವನು, ಅರಿತದ್ದನ್ನು ಇದ್ದಂತೆಯೇ ಹೇಳುವವನು ಆಪ್ತ. ತನ್ನ ಸರಕನ್ನು ಮಾರಿದರೆ ಮಾತ್ರ ಸಂಬಳ ದೊರೆಯುವ ಯುವಕ ಎಷ್ಟೇ ಸಜ್ಜನನಾಗಿರಲಿ, ಆ ಸರಕಿನ ವಿಷಯದಲ್ಲಿ ಅವನು ನಮಗೆ ಆಪ್ತನಲ್ಲ. ಪಕ್ಕದ ಶಾಲೆ ಸಹಿ ಹಾಕಿತೆಂಬುದೂ ಪ್ರಮಾಣವಲ್ಲ. ಆ ಶಾಲೆಯವರು ಬಹುಶಃ ಮತ್ತೊಂದು ಶಾಲೆಯ ಸಹಿಯನ್ನು ನೋಡಿಯೇ ತಾವೂ ಹಾಕಿದ್ದಾರೆ.

ಇನ್ನು ಅನುಮಾನದ ಮಾತು. ಅಡುಗೆಮನೆಯಲ್ಲಿ ಹೊಗೆಯಿದ್ದಲ್ಲಿ ಬೆಂಕಿ ಇರುವುದನ್ನು ಕಾಣುತ್ತೇವೆ, ಇದು ಅನ್ವಯ. ಬೆಂಕಿಯಿಲ್ಲದ ಕೆರೆಯ ಮೇಲೆ ಹೊಗೆಯೂ ಇಲ್ಲ, ಇದು ವ್ಯತಿರೇಕ. ಎರಡನ್ನೂ ನೋಡಿದ ಮೇಲೆಯೇ ಇವೆರಡಕ್ಕೂ ಸಂಬಂಧವಿದೆಯೆಂದು ಹೇಳಬೇಕು. ಅಷ್ಟೂ ಸಾಲದು. ಬೆಂಕಿಯಿದ್ದಲ್ಲೆಲ್ಲ ಹೊಗೆ ಇರುತ್ತದೆಯೇ ಎಂದು ಯಾರಾದರೂ ಕೇಳಿದರೆ, ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ. ಅಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಮರೆಯಲ್ಲಿ ನಿಂತು ಕೆಲಸ ಮಾಡುವ ಇಂತಹ ಷರತ್ತಿಗೆ ನೈಯಾಯಿಕರು 'ಉಪಾಧಿ' ಎಂದು ಹೆಸರಿಟ್ಟರು. ನಾವು ಈ ಪಾಠದಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದೆವು. 2012ರಲ್ಲಿ ಸಹಿ ಹಾಕುವಾಗ ಅದರಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಗಣಿತದ ಹೊಸ ಅಧ್ಯಾಪಕರು ಮತ್ತು ಸಂಜೆ ಪಾಠ ನಮ್ಮ ಹಸಿ ಸೌದೆಯಾಗಿದ್ದವು. ಹೊಗೆಯ ಕೀರ್ತಿಯೆಲ್ಲ ಫಲಕಕ್ಕೆ ಹೋಯಿತು.

ಈ ತಪ್ಪು ಎಷ್ಟು ಸುಲಭವೆಂಬುದಕ್ಕೆ ಆಫ್ರಿಕಾದ ಕೀನ್ಯಾ ದೇಶದಿಂದ ಒಂದು ನಿದರ್ಶನವಿದೆ. ಅಲ್ಲಿನ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ವಿಜ್ಞಾನ, ಗಣಿತ, ಆರೋಗ್ಯ ಮೊದಲಾದ ವಿಷಯಗಳ ದೊಡ್ಡ ಗೋಡೆಪಟಗಳನ್ನು ಕೊಡಬೇಕೇ ಎಂಬ ಪ್ರಶ್ನೆ ಬಂತು. ನಮ್ಮ ಶಾಲೆಗಳಲ್ಲಿ ತೂಗುಹಾಕುವ ಚಾರ್ಟುಗಳಂತಹವೇ. ಮೊದಲು, ಪಟಗಳಿರುವ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಸುಮ್ಮನೆ ಹೋಲಿಸಿ ನೋಡಿದರು. ಪಟಗಳಿದ್ದ ಶಾಲೆಯ ಮಕ್ಕಳ ಅಂಕಗಳು ಗಣನೀಯವಾಗಿ ಹೆಚ್ಚಿದ್ದವು. ಯಾವ ಆಡಳಿತ ಮಂಡಳಿಯಾದರೂ ಅಲ್ಲಿಗೇ ನಿಲ್ಲಿಸಿ ಪಟಗಳಿಗೆ ಆದೇಶ ಕೊಡುತ್ತಿತ್ತು. ಆದರೆ ಪಾಲ್ ಗ್ಲೆವ್ವೆ, ಮೈಕೆಲ್ ಕ್ರೆಮರ್ ಮತ್ತವರ ಸಂಗಡಿಗರು ಅಲ್ಲಿಗೆ ನಿಲ್ಲಿಸಲಿಲ್ಲ. 178 ಶಾಲೆಗಳನ್ನು ತೆಗೆದುಕೊಂಡು, ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದಂತೆ ಅರ್ಧವನ್ನು ಆರಿಸಿ, ಆ ಅರ್ಧಕ್ಕೆ ಪಟಗಳನ್ನು ಕೊಟ್ಟರು, ಉಳಿದರ್ಧಕ್ಕೆ ಕೊಡಲಿಲ್ಲ. ಅನಂತರ ನೋಡಿದರೆ ಎರಡೂ ಗುಂಪಿನ ಅಂಕಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. 2004ರಲ್ಲಿ ಇದು ಪ್ರಕಟವಾಯಿತು. ತಾವಾಗಿಯೇ ಪಟ ಕೊಂಡುಕೊಳ್ಳುವ ಶಾಲೆಗೆ ಉತ್ಸಾಹಿ ಮುಖ್ಯೋಪಾಧ್ಯಾಯರೋ ಅನುಕೂಲಸ್ಥ ಹೆತ್ತವರೋ ಇರಬಹುದು. ಅಂತಹ ಶಾಲೆಯ ಅಂಕಗಳು ಪಟವಿಲ್ಲದೆಯೂ ಹೆಚ್ಚೇ ಇರುತ್ತವೆ. ಚೀಟಿ ಎತ್ತಿದಂತೆ ಹಂಚಿದಾಗ ಉಪಾಧಿ ಕಳಚಿಬಿದ್ದಿತು. ಈ ಬಗೆಯ ಪ್ರಯೋಗಗಳಿಗಾಗಿ ಕ್ರೆಮರ್ ಅವರಿಗೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಬಂದುದು ವಾಚಕರಿಗೆ ನೆನಪಿರಬಹುದು.

ಅದೇ ಕೀನ್ಯಾದಲ್ಲಿ ಪಠ್ಯಪುಸ್ತಕಗಳನ್ನೂ ಹೀಗೆಯೇ ಪರೀಕ್ಷಿಸಿದರು. ಪುಸ್ತಕ ಕೊಟ್ಟರೆ ಮಗು ಕಲಿಯುತ್ತದೆ, ಅದಕ್ಕೇನು ಪರೀಕ್ಷೆ ಎಂದು ನಾವಾಗಿದ್ದರೆ ನಗುತ್ತಿದ್ದೆವು. ಫಲಿತಾಂಶ ಬೇರೆಯೇ ಆಯಿತು. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಪ್ರಯೋಜನವಾಯಿತು. ಉಳಿದವರ ಅಂಕಗಳು ಇದ್ದಲ್ಲಿಯೇ ಇದ್ದವು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅಲ್ಲಿನ ಬಹುಪಾಲು ಮಕ್ಕಳಿಗೆ ಇಂಗ್ಲಿಷು ಮನೆಮಾತೂ ಅಲ್ಲ, ಎರಡನೆಯ ಭಾಷೆಯೂ ಅಲ್ಲ, ಮೂರನೆಯದು. ಓದಲು ಬಾರದ ಮಗುವಿನ ಕೈಯಲ್ಲಿ ಪುಸ್ತಕ ತೂಕದ ವಸ್ತು ಮಾತ್ರ. ಇಲ್ಲಿ ನಮಗೆ ಅಧ್ಯಾಪಕರ ಪಾಲಕ ಸಂತರಾದ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ನೆನಪಾಗುತ್ತಾರೆ. ಮಕ್ಕಳಿಗೆ ಮೊದಲು ಲ್ಯಾಟಿನ್ ಓದಿಸುವುದು ಫ್ರಾನ್ಸಿನಲ್ಲಿ ರೂಢಿಯಾಗಿದ್ದ ಕಾಲದಲ್ಲಿ ಅವರು ಬಡಮಕ್ಕಳಿಗೆ ಮೊದಲು ಫ್ರೆಂಚ್ ಓದಿಸಿದರು. ಅವರ ಶಾಲೆಗಳ ನಡಾವಳಿಯ ಕೈಪಿಡಿಯೂ ಹಲವು ವರ್ಷಗಳ ಅನುಭವ ಮತ್ತು ಹಿರಿಯ ಸಹೋದರರೊಂದಿಗಿನ ದೀರ್ಘ ಸಮಾಲೋಚನೆಗಳ ನಂತರವೇ ಸಿದ್ಧವಾದದ್ದು. ರೂಢಿ ಏನಿದೆ ಎನ್ನುವುದಕ್ಕಿಂತ ಮಗು ಏನು ಕಲಿಯುತ್ತಿದೆ ಎಂದು ನೋಡಿದವರು ನಮ್ಮ ಧರ್ಮಸಭೆಯಲ್ಲಿ ಹಿಂದೆಯೇ ಇದ್ದರು.

ಯಂತ್ರಗಳ ವಿಷಯಕ್ಕೆ ಬರೋಣ. ಲಂಡನ್ನಿನ ಪ್ರೌಢಶಾಲೆಗಳಿಗೆ ಸರ್ಕಾರವೇ ಇಂತಹ ವಿದ್ಯುನ್ಮಾನ ಫಲಕಗಳನ್ನು ಒದಗಿಸಿದಾಗ, ಅದರ ಮೌಲ್ಯಮಾಪನದ ವರದಿ 2007ರಲ್ಲಿ ಹೊರಬಂತು. ಮೊದಲ ವರ್ಷದಲ್ಲಿ ವಿದ್ಯಾರ್ಥಿಗಳ ಸಾಧನೆಯಲ್ಲಿ ಏರಿಕೆ ಕಾಣಲಿಲ್ಲವೆಂದು ಅದರಲ್ಲಿದೆ. 2012ರಲ್ಲಿ ನಾವು ಕರಾರಿಗೆ ಸಹಿ ಹಾಕುವಾಗ ಆ ವರದಿಗೆ ಐದು ವರ್ಷ ತುಂಬಿತ್ತು. ಪೆರು ದೇಶ ತನ್ನ ಮಕ್ಕಳಿಗೆ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪುಗಳನ್ನು ಹಂಚಿದ್ದು, 319 ಗ್ರಾಮೀಣ ಶಾಲೆಗಳ ಅಧ್ಯಯನದಲ್ಲಿ ಗಣಿತವೂ ಭಾಷೆಯೂ ಸುಧಾರಿಸದೆ ಹೋದದ್ದು, ಅದೇ 2012ರಲ್ಲಿ ಪ್ರಕಟವಾಗಿತ್ತು. ಕೇಳಿದ್ದರೆ ತಿಳಿಯುತ್ತಿತ್ತು. ನಾವು ಕೇಳಲಿಲ್ಲ. ಕೇಳದವರು ನಾವು ಮಾತ್ರವಲ್ಲವೆಂಬುದು ಸಮಾಧಾನದ ಮಾತೋ ಗಾಬರಿಯ ಮಾತೋ ತಿಳಿಯದು: ಯುನೆಸ್ಕೊ 2023ರ ತನ್ನ ವರದಿಯಲ್ಲಿ, ಅಮೆರಿಕದ 17 ರಾಜ್ಯಗಳಲ್ಲಿ ನಡೆದ ಸಮೀಕ್ಷೆಯೊಂದನ್ನು ಉಲ್ಲೇಖಿಸಿ, ಕೊಳ್ಳುವ ಮೊದಲು ತಜ್ಞರು ಪರಿಶೀಲಿಸಿದ ಪುರಾವೆಯನ್ನು ಕೇಳಿದ ಅಧ್ಯಾಪಕರು ಮತ್ತು ಆಡಳಿತಗಾರರು ಶೇಕಡ 11 ಮಾತ್ರವೆಂದು ಹೇಳಿದೆ.

ಹಾಗೆಂದು ಯಂತ್ರವೆಂದ ಮಾತ್ರಕ್ಕೆ ತಳ್ಳಿಹಾಕುವುದೂ ಪ್ರಮಾಣವಿಲ್ಲದ ಮಾತೇ. ನಮ್ಮ ಹಿರಿಯ ಯಾಜಕರಲ್ಲಿ ಕೆಲವರಿಗೆ ಈ ಚಪಲವಿದೆ. ಗುಜರಾತಿನ ಜ್ಞಾನಶಾಲಾ ಎಂಬ ಸಂಸ್ಥೆಯ ಶಾಲೆಗಳಲ್ಲಿ ಲೀ ಲಿಂಡನ್ ಎಂಬವರು ಗಣಿತದ ಗಣಕಯಂತ್ರ ಪಾಠವನ್ನು ಎರಡು ರೀತಿಯಲ್ಲಿ ಪರೀಕ್ಷಿಸಿದರು. ಅಧ್ಯಾಪಕರ ಪಾಠದ ಹೊತ್ತನ್ನು ಕಡಿತಗೊಳಿಸಿ ಆ ಹೊತ್ತಿನಲ್ಲಿ ಯಂತ್ರದ ಮುಂದೆ ಕೂರಿಸಿದಾಗ ಮಕ್ಕಳ ಕಲಿಕೆ ಇಳಿಯಿತು. ಶಾಲೆಯ ಪಾಠ ಹಾಗೆಯೇ ಇದ್ದು, ಅದರ ಹೊರಗಿನ ಹೊತ್ತಿನಲ್ಲಿ ಕೂರಿಸಿದಾಗ ಏರಿತು, ಅದರಲ್ಲೂ ಹಿಂದುಳಿದ ಮಕ್ಕಳದು. ಒಂದೇ ಯಂತ್ರ, ಒಂದೇ ಪಾಠ. ವೇಳಾಪಟ್ಟಿಯ ಒಂದು ವ್ಯತ್ಯಾಸದಿಂದ ಒಂದು ಕಡೆ ಹಾನಿ, ಇನ್ನೊಂದು ಕಡೆ ಲಾಭ. ಆದ್ದರಿಂದ 'ಗಣಕಯಂತ್ರ ಒಳ್ಳೆಯದೇ?' ಎಂಬ ಪ್ರಶ್ನೆಗೆ ಉತ್ತರವಿಲ್ಲ. ಅದು ಯಾವುದರ ಜಾಗದಲ್ಲಿ ಬರುತ್ತಿದೆ ಎಂಬ ಪ್ರಶ್ನೆಗೆ ಉತ್ತರವಿದೆ.

ಈಗ ನಮ್ಮ ಮುಂದಿರುವ ಕಂಪೆನಿಯ ಕೈಹೊತ್ತಗೆಯಲ್ಲಿ 'ದೆಹಲಿಯಲ್ಲಿ ಸಾಬೀತಾದ ವಿಧಾನ' ಎಂಬ ಸಾಲಿದೆ. ದೆಹಲಿಯಲ್ಲಿ ಅಂತಹದೊಂದು ಅಧ್ಯಯನ ನಡೆದದ್ದು ನಿಜ. 619 ವಿದ್ಯಾರ್ಥಿಗಳ ನಡುವೆ ಚೀಟಿ ಎತ್ತಿ, ಗೆದ್ದವರಿಗೆ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶದ ಕೇಂದ್ರಗಳಲ್ಲಿ ಉಚಿತ ಕಲಿಕೆ ಕೊಡಲಾಯಿತು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಒಳ್ಳೆಯ ಸುಧಾರಣೆಯಾಯಿತು. 2019ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾವು ಗೌರವಿಸುತ್ತೇವೆ. ಆದರೆ ಆ ತಂತ್ರಾಂಶ ಈ ಕಂಪೆನಿಯದಲ್ಲ. ಅದು ನಡೆದದ್ದು ಶಾಲೆಯ ಸಮಯದ ಹೊರಗೆ. ಯಂತ್ರದ ಮುಂದೆ 45 ನಿಮಿಷವಾದರೆ, ಇನ್ನು 45 ನಿಮಿಷ ಸಣ್ಣ ಗುಂಪಿಗೆ ಸಹಾಯಕ ಶಿಕ್ಷಕರೊಬ್ಬರ ಪಾಠವಿತ್ತು. ನಮಗೆ ಬಂದಿರುವ ಪ್ರಸ್ತಾಪದಲ್ಲಿ ಟ್ಯಾಬ್ಲೆಟ್ಟಿಗಾಗಿ ದಿನಕ್ಕೆ ಒಂದು ಪಾಠದ ಅವಧಿಯನ್ನು ಬಿಟ್ಟುಕೊಡಬೇಕು. ಸಹಾಯಕ ಶಿಕ್ಷಕರ ಸುದ್ದಿಯೇ ಇಲ್ಲ. ದೆಹಲಿಯ ಬೆಂಕಿಯನ್ನು ತೋರಿಸಿ ನಮಗೆ ಕಬ್ಬಿಣದ ಗುಂಡನ್ನು ಮಾರುತ್ತಿದ್ದಾರೆಯೇ ಎಂದು ಕೇಳಿದರೆ ಅದು ಅವಿಶ್ವಾಸವಲ್ಲ.

ಇನ್ನೊಂದು ನಿದರ್ಶನ ನಮ್ಮ ಮನಸ್ಸನ್ನು ಹೆಚ್ಚು ತಟ್ಟಿದೆ. ಮುಂಬಯಿ ಮತ್ತು ವಡೋದರ ನಗರಗಳ ಪಾಲಿಕೆ ಶಾಲೆಗಳಲ್ಲಿ 'ಪ್ರಥಮ್' ಸಂಸ್ಥೆಯವರು 'ಬಾಲಸಖಿ' ಎಂಬ ಯೋಜನೆ ನಡೆಸಿದರು. ಮೂರನೆಯ ಮತ್ತು ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅದೇ ಬಡಾವಣೆಯ, ಶಾಲೆ ಮುಗಿಸಿದ ಯುವತಿಯೊಬ್ಬಳು ಓದು, ಬರಹ, ಲೆಕ್ಕದ ತಳಪಾಯವನ್ನು ಕಲಿಸುವುದು. ಆಕೆಗೆ ಆಗ ತಿಂಗಳಿಗೆ ಸಿಗುತ್ತಿದ್ದುದು 500ರಿಂದ 750 ರೂಪಾಯಿ. ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಬಾಲಸಖಿ ಇದ್ದ ತರಗತಿಗಳನ್ನೂ ಇಲ್ಲದ ತರಗತಿಗಳನ್ನೂ ಹೋಲಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅಂಕಗಳು ಸ್ಪಷ್ಟವಾಗಿ ಏರಿದ್ದವು, ಏರಿಕೆಯಲ್ಲಿ ಬಹುಪಾಲು ಆ ಹಿಂದುಳಿದ ಮಕ್ಕಳದೇ ಆಗಿತ್ತು. ವಡೋದರದಲ್ಲಿ ಗಣಕಯಂತ್ರದ ಗಣಿತದ ಆಟಗಳನ್ನೂ ಪರೀಕ್ಷಿಸಿದರು. ಗಣಿತದಲ್ಲಿ ಅದರ ಪರಿಣಾಮ ಇನ್ನೂ ಹೆಚ್ಚಿತ್ತು, ಆದರೆ ಖರ್ಚಿನ ಲೆಕ್ಕ ಹಾಕಿದರೆ ಬಾಲಸಖಿಯೇ ಅಗ್ಗ. ಕಲಿತದ್ದರಲ್ಲಿ ಬಹಳಷ್ಟು ಮರುವರ್ಷ ಸವೆದುಹೋಯಿತೆಂಬುದನ್ನೂ ಅವರು ಮರೆಮಾಚದೆ ಬರೆದಿದ್ದಾರೆ. ತನ್ನ ಸೋಲನ್ನೂ ಹೇಳುವ ಮಾತು ಆಪ್ತವಾಕ್ಯಕ್ಕೆ ಹತ್ತಿರ.

2012ರ ಆ ಬಾಲಕನಿಗೆ ಬೇಕಾಗಿದ್ದುದು ಒಬ್ಬ ಬಾಲಸಖಿ. ಆ ಧರ್ಮಕೇಂದ್ರದಲ್ಲಿ ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದ ಹೆಣ್ಣುಮಕ್ಕಳು ಕಡಿಮೆಯಿರಲಿಲ್ಲ. ಭಾನುವಾರ ಧರ್ಮೋಪದೇಶ ಕಲಿಸಲು ಅವರನ್ನೇ ಕರೆಯುತ್ತಿದ್ದೆವು. ಸೋಮವಾರ ಓದು ಕಲಿಸಲು ಕರೆಯಬಹುದೆಂದು ಹೊಳೆಯಲಿಲ್ಲ. ಹೊಳೆಯದಿದ್ದುದಕ್ಕೆ ಕಾರಣ, ಸತ್ಯ ಹೇಳಬೇಕೆಂದರೆ, ಅದನ್ನು ಉದ್ಘಾಟಿಸಲು ಬರುವುದಿಲ್ಲ. ಫಲಕಕ್ಕೆ ರಿಬ್ಬನ್ ಕಟ್ಟಬಹುದು, ಪೂಜ್ಯ ಬಿಷಪರನ್ನು ಕರೆಯಬಹುದು, ಪ್ರವೇಶಾತಿಯ ಕರಪತ್ರದಲ್ಲಿ ಚಿತ್ರ ಹಾಕಬಹುದು.

ಈ ವಿಚಾರವನ್ನು ನಮ್ಮ ಸಹಯಾಜಕರ ಕೂಟವೊಂದರಲ್ಲಿ ಎತ್ತಿದಾಗ, ಶಿಕ್ಷಣವನ್ನು ಅಳತೆಗೋಲಿನಿಂದ ಅಳೆಯಲಾಗದು, ಕಥೋಲಿಕ ಶಾಲೆ ಕಟ್ಟಬೇಕಾದುದು ವ್ಯಕ್ತಿತ್ವವನ್ನೇ ಹೊರತು ಅಂಕಗಳನ್ನಲ್ಲ ಎಂಬ ಆಕ್ಷೇಪ ಬಂತು. ಆಕ್ಷೇಪ ಮಾಡಿದವರು ನಾವು ಬಹಳ ಗೌರವಿಸುವ ಹಿರಿಯರು. ಮಾತು ಸರಿಯಾದುದೇ. ಮಗುವಿನ ಅಂತಃಸಾಕ್ಷಿ ಬೆಳೆಯಿತೇ ಎಂಬುದನ್ನು ಯಾವ ಪ್ರಶ್ನೆಪತ್ರಿಕೆಯೂ ಹೇಳಲಾರದು. ಶಾಲೆಯ ಪ್ರಾರ್ಥನೆಗೂ ಹಾಡಿಗೂ ಆಟದ ಬಯಲಿಗೂ ಪ್ರಮಾಣಪತ್ರ ಕೇಳುವಷ್ಟು ಅವಿವೇಕಿಗಳು ನಾವಲ್ಲ. ಆದರೆ ಗಣಿತ ಸುಧಾರಿಸುತ್ತದೆಂದು ಹೇಳಿ ಮಾರಿದ ವಸ್ತುವನ್ನು, ಗಣಿತ ಸುಧಾರಿಸಿತೇ ಎಂದು ಕೇಳಿದಾಗ, ವ್ಯಕ್ತಿತ್ವದ ಹೊದಿಕೆಯೊಳಗೆ ಬಚ್ಚಿಡುವುದು ನ್ಯಾಯವಲ್ಲ. ಅಲ್ಲದೆ ಓದಲು ಬಾರದ ಮಗು ಶುಭಸಂದೇಶವನ್ನೂ ಓದಲಾರದು.

ಅಧ್ಯಾಪಕರ ಅನುಭವವನ್ನು ಬದಿಗೊತ್ತಬೇಕೆಂದೂ ನಮ್ಮ ಮಾತಿನ ಅರ್ಥವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಕಲಿಕೆಯ ಕಾರ್ಡುಗಳನ್ನು ರೂಪಿಸಿದವರು ಅಲ್ಲಿನ ಶಿಕ್ಷಕರೇ. ನಮ್ಮ ಶಾಲೆಗಳಲ್ಲಿಯಾದರೆ ಖರೀದಿಯ ಸಭೆಗೆ ಅಧ್ಯಾಪಕರನ್ನು ಕರೆಯುವ ಪದ್ಧತಿಯೇ ಅಪರೂಪ. ಪೆಟ್ಟಿಗೆ ಬಂದಿಳಿದ ಮೇಲೆ ಅವರಿಗೆ ತರಬೇತಿಯ ದಿನ ತಿಳಿಸುತ್ತೇವೆ.

ಈ ಬಾರಿ ನಾವು ಕಂಪೆನಿಗೆ ಮೂರು ಪ್ರಶ್ನೆಗಳ ಪತ್ರ ಬರೆದೆವು. ನಿಮ್ಮ ತಂತ್ರಾಂಶವನ್ನು ಬಳಸಿದ ಮಕ್ಕಳನ್ನು, ಬಳಸದ ಅದೇ ಬಗೆಯ ಮಕ್ಕಳೊಂದಿಗೆ ಹೋಲಿಸಿ ನೋಡಿದವರು ಯಾರು? ಅವರಿಗೆ ಹಣ ಕೊಟ್ಟವರು ಯಾರು? ಕನ್ನಡ ಮನೆಮಾತಿನ, ತರಗತಿಯ ಮಟ್ಟಕ್ಕಿಂತ ಹಿಂದಿರುವ ಮಕ್ಕಳಿಗೆ ಅದರಿಂದ ಏನಾಯಿತು? ಜೊತೆಗೆ ಒಂದು ಸೂಚನೆಯನ್ನೂ ಇಟ್ಟೆವು. ಆರನೆಯ ತರಗತಿಯಲ್ಲಿ ನಮಗೆ ಎರಡು ವಿಭಾಗಗಳಿವೆ. ಚೀಟಿ ಎತ್ತಿ ಒಂದಕ್ಕೆ ಒಂದು ವರ್ಷ ಟ್ಯಾಬ್ಲೆಟ್ ಕೊಡಿ. ಇನ್ನೊಂದಕ್ಕೆ ಅಷ್ಟೇ ಹೊತ್ತು ನಮ್ಮ ಊರಿನ ಯುವತಿಯರಿಂದ ಓದು, ಲೆಕ್ಕ ಕಲಿಸುತ್ತೇವೆ. ವರ್ಷದ ಆದಿಯಲ್ಲೂ ಅಂತ್ಯದಲ್ಲೂ ಒಂದೇ ಪರೀಕ್ಷೆ ಇಡೋಣ. ಎರಡೇ ವಿಭಾಗಗಳ ಹೋಲಿಕೆಯಿಂದ ಶಾಸ್ತ್ರೀಯ ಸತ್ಯ ಹೊರಬೀಳದೆಂದು ನಮಗೆ ಗೊತ್ತು, ಒಬ್ಬ ಒಳ್ಳೆಯ ಶಿಕ್ಷಕಿಯಿಂದಲೇ ಲೆಕ್ಕ ಏರುಪೇರಾಗಬಹುದು. ಆದರೂ ಕೈಹೊತ್ತಗೆಯ ಚಿತ್ರಗಳಿಗಿಂತ ಅದು ಮೇಲು. ಚೀಟಿ ಎತ್ತುವುದು ಚರ್ಚಿಗೆ ಒಪ್ಪುವ ವಿಧಾನವೇ ಎಂದು ಮಂಡಳಿಯ ಸದಸ್ಯರೊಬ್ಬರು ಕೇಳಿದರು. ಜುದಾಸನ ಸ್ಥಾನಕ್ಕೆ ಮತ್ತೀಯರನ್ನು ಆರಿಸುವಾಗ ಪ್ರೇಷಿತರು ಚೀಟಿಯನ್ನೇ ಹಾಕಿದರೆಂದು ನೆನಪಿಸಬೇಕಾಯಿತು.

ಓದಿನ ಪರೀಕ್ಷೆಗೆ ಹಣ ಬೇಕಿಲ್ಲ. 2005ರಿಂದ ಪ್ರಥಮ್ ಸಂಸ್ಥೆಯವರು ಹಳ್ಳಿಹಳ್ಳಿಗಳಲ್ಲಿ ನಡೆಸುತ್ತ ಬಂದಿರುವ 'ಅಸರ್' ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲಿಯೂ ಇದೆ: ಅಕ್ಷರಗಳು, ಸರಳ ಪದಗಳು, ಒಂದನೆಯ ತರಗತಿಯ ಮಟ್ಟದ ಪರಿಚ್ಛೇದ, ಎರಡನೆಯ ತರಗತಿಯ ಮಟ್ಟದ ಕಥೆ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಕಳೆದ ವಾರ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮತ್ತು ನಾವು ನಮ್ಮ ಐದನೆಯ ತರಗತಿಯ 46 ಮಕ್ಕಳನ್ನೂ ಒಬ್ಬೊಬ್ಬರಾಗಿ ಕೂರಿಸಿ ಓದಿಸಿದೆವು. ಎರಡನೆಯ ತರಗತಿಯ ಕಥೆಯನ್ನು ತಡವರಿಸದೆ ಓದಿದವರು 27. ಏಳು ಮಕ್ಕಳು ಪದಗಳ ಸಾಲನ್ನೇ ದಾಟಲಿಲ್ಲ. ಸಿಸ್ಟರ್ ಆ ಏಳು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ತಮ್ಮ ಪ್ರಾರ್ಥನಾ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾರೆ.

ಕಂಪೆನಿಯ ಉತ್ತರ ಬಂದಿದೆ. ಮೂರು ಪ್ರಶ್ನೆಗಳಿಗೂ ಬದಲಾಗಿ ಇನ್ನೊಂದು ಕೈಹೊತ್ತಗೆ, ಜೊತೆಗೆ ಮಂಡಳಿಯ ಇಬ್ಬರು ಸದಸ್ಯರಿಗೆ ಬೆಂಗಳೂರಿಗೆ ಬಂದು ಪ್ರದರ್ಶನ ನೋಡಲು ಆಹ್ವಾನ, ಪ್ರಯಾಣದ ಖರ್ಚು ಅವರದೇ. ಒಂದು ವಿಭಾಗಕ್ಕೆ ಮಾತ್ರ ಕೊಡುವ ಸೂಚನೆಗೆ ಒಪ್ಪಿಗೆಯಿಲ್ಲ. ಇಡೀ ಶಾಲೆ ಸೇರಿದರೆ ಮಾತ್ರ ರಿಯಾಯಿತಿಯಂತೆ. ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಮಕ್ಕಳ ಮೊದಲ ಶಿಕ್ಷಕರು ಹೆತ್ತವರೆಂದು ಸಾರಿದೆ. ಆದ್ದರಿಂದ ಈ ಪತ್ರವ್ಯವಹಾರವನ್ನೆಲ್ಲ ಹೆತ್ತವರ ಮುಂದೆಯೇ ಓದಲು ನಿರ್ಧರಿಸಿದ್ದೇವೆ. ಈ ತಿಂಗಳ ಕೊನೆಯ ಭಾನುವಾರ, ಎರಡನೆಯ ಬಲಿಪೂಜೆಯ ನಂತರ, ಶಾಲೆಯ ಸಭಾಂಗಣದಲ್ಲಿ ಶಿಕ್ಷಕ-ರಕ್ಷಕ ಸಂಘದ ಸಭೆ ಸೇರುತ್ತದೆ. ಪಿ.ಯು.ಸಿ. ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳೂ ಬರಬೇಕೆಂದು ಕೋರುತ್ತೇವೆ. ಏಳು ಮಕ್ಕಳ ಗುಂಪಿಗೆ ಸದ್ಯ ಒಬ್ಬರು ಸಾಕು, ಗೌರವಧನವನ್ನು ಆ ದಿನವೇ ಗೊತ್ತುಮಾಡೋಣ.